ಹುತ್ತ, ಹಾವು, ಬೇವಿನ ಗಿಡ

ನಮ್ಮ ಕಡೆಯವರಿಗೆ ನೀರು ಎಂದರೆ ಬಾವಿ, ಹಳ್ಳ, ನಾಲೆ. ಲಿಂಗಸುಗೂರಿನ ಆಚೆ ಅಂಚಿಗೆ ಕೃಷ್ಣೆ ಹರಿಯುತ್ತಾಳೆ, ಸಿಂಧನೂರಿನ ಈಚೆ ಅಂಚಿಗೆ ತುಂಗಭದ್ರೆ. ನಡುವೆ ಮಸ್ಕಿ. ಆದರೆ ಎರಿ ಹೊಲದ ನಡುವೆ ಹುಟ್ಟಿದವನಿಗೆ ಎರಡು ಹೊಳೆಗಳೂ ದೂರದ ಬೀಗರಿದ್ದಂತೆ. ವರ್ಷಕ್ಕೊಮ್ಮೆ ಹೋಗಿ ಕಾಲು ತೋಯಿಸಿಕೊಂಡು ಬರುವುದು. ಅಂಥ ನೆಲದಿಂದ ಒಬ್ಬರು ಸಮುದ್ರದ ನೌಕರಿಗೆ ಹೋಗಿ, ನೌಕಾಪಡೆಯಲ್ಲಿ ಅಧಿಕಾರಿಯಾಗಿ, ತಿರುಗಿ ಬಂದು ನಮಗೆ ಗಣಿತ ಕಲಿಸಿದರು. ಅವರನ್ನು ಎಲ್ಲರೂ ನೇವಿ ಮಾಸ್ತರ್ರು ಅನ್ನುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರ ಮನೆಯವರು ಹೆಸರು ಬ್ಯಾಡ ಅಂದಿದ್ದಾರೆ, ಹಾಗಾಗಿ ನಾನೂ ನೇವಿ ಮಾಸ್ತರ್ರು ಎಂದೇ ಬರೆಯುತ್ತೇನೆ.

ಹೇಳಬೇಕೆಂದಿರುವುದು 2009ರ ಮಳೆಯಲ್ಲಿ ನಡೆದದ್ದು. ಆದರೆ ಆ ಮನುಷ್ಯ ಎಂಥವರು ಅಂತ ಮೊದಲು ಹೇಳದೆ ಆ ದಿನದ ಕಥೆಗೆ ಹೋದರೆ ಅದು ಬರೀ ಹಗ್ಗದ ಕಥೆಯಾದೀತು.

ಎತ್ತರದ ಆಳಲ್ಲ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಾಲಿಗೆ ಕಪ್ಪು ಬೂಟು. ಎರಿ ಮಣ್ಣಿನ ಊರಲ್ಲಿ ಮಳೆಗಾಲಕ್ಕೂ ಆ ಬೂಟು ಹೇಗೆ ಹೊಳೆಯುತ್ತಿತ್ತೋ, ನನಗೆ ಇಂದಿಗೂ ತಿಳಿಯದು. ಹೋಟೆಲಿನಲ್ಲಿ ಮಂಡಾಳ ವಗ್ಗರಣಿ ಹೇಳಿದರೆ ಜೊತೆಗೆ ಬಂದ ಮಿರ್ಚಿಯನ್ನು ಮೊದಲು ಬಿಡಿಸಿ, ಒಳಗಿನ ಬೀಜವನ್ನೆಲ್ಲ ಬೆರಳಿನಿಂದ ಕೆರೆದು ಪ್ಲೇಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಆಮೇಲೆ ತಿನ್ನುವುದು. ಅವಸರ ಎಂಬುದೇ ಇಲ್ಲ. ಆದರೆ ವೇಳೆಯ ವಿಷಯಕ್ಕೆ ಬಂದರೆ ಮಾತ್ರ ಬೇರೆಯೇ ಮನುಷ್ಯ. 'ಹದಿನಾರು ನೂರು ಗಂಟೆಗೆ ಬಾವಿ ಹತ್ರ ಇರಬೇಕು' ಅನ್ನೋರು. ನಾವು ಬೆರಳು ಮಡಚಿ ಎಣಿಸಿ, ಹನ್ನೆರಡು ಕಳೆದು, ಸಂಜೆ ನಾಲ್ಕು ಎಂದು ಲೆಕ್ಕ ಹಾಕಿಕೊಳ್ಳಬೇಕಿತ್ತು. ಒಂದು ನಿಮಿಷ ತಡವಾದರೂ ಬಯ್ಯುತ್ತಿರಲಿಲ್ಲ. ಸುಮ್ಮನೆ ಗಡಿಯಾರ ನೋಡುತ್ತಿದ್ದರು. ಅದೇ ಸಾಕಾಗುತ್ತಿತ್ತು.

ಹುಟ್ಟಿದ್ದು ಮಸ್ಕಿಯಲ್ಲಿ. ಆಗ ನಿಜಾಮನ ರಾಜ್ಯ. ಮೊದಲು ಕಲಿತದ್ದು ಅಲಿಫ್, ಬೇ. ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಅದೇ ಸ್ಲೇಟಿನ ಮೇಲೆ ಅ, ಆ, ಎಡದಿಂದ ಬಲಕ್ಕೆ. 'ನಾನು ಎರಡೂ ದಿಕ್ಕಿಂದ ಓದಿ ಬಂದಾಂವ' ಎಂದು ಖುಷಿಯಿಂದ ಹೇಳುತ್ತಿದ್ದರು. ಸಾಯುವವರೆಗೂ ಅವರ ಮನೆಯ ಖರ್ಚಿನ ಚೀಟಿಯ ಅಂಕಿಗಳು ಉರ್ದುವಿನಲ್ಲೇ ಇರುತ್ತಿದ್ದವು. ಬಾಯಲ್ಲಿ ಕೂಡಿಸಿ ಕಳೆಯುವುದೂ ಉರ್ದುವಿನಲ್ಲೇ. ಪಾಠ ಮಾತ್ರ ಅಚ್ಚ ಕನ್ನಡದಲ್ಲಿ.

ಮಸ್ಕಿ ಎಂದ ಮೇಲೆ ಅಶೋಕನ ಬಂಡೆಯ ಮಾತು ಬಾರದೆ ಇರುತ್ತದೆಯೇ. ಪ್ರತಿ ವರ್ಷ ಒಂದು ಬ್ಯಾಚನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಬುತ್ತಿ ಕಟ್ಟಿಸಿಕೊಂಡು, ಬಸ್ಸಿಳಿದು, ಗುಡ್ಡದ ಬುಡಕ್ಕೆ ನಡಿಗೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತ ಬಂದು ಈ ಬರಹ ಕಂಡದ್ದು, ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವರಿಗೆ ಪ್ರಿಯನಾದವನು' ಎಂಬಂಥ ಬಿರುದುಗಳಷ್ಟೇ ಇದ್ದದ್ದು, ಈ ಬಂಡೆಯ ಮೇಲೆ ಮೊದಲ ಬಾರಿಗೆ ಅಶೋಕ ಎಂಬ ಹೆಸರೇ ಸಿಕ್ಕದ್ದು, ಇವನ್ನೆಲ್ಲ ಪಠ್ಯಪುಸ್ತಕದವರೂ ಹೇಳುತ್ತಾರೆ. ಮಾಸ್ತರ್ರು ಬೇರೆ ಒಂದು ಮಾತಿಗೆ ಬರುತ್ತಿದ್ದರು. ಧರ್ಮದಲ್ಲಿ ಮೇಲಕ್ಕೇರುವುದು ದೊಡ್ಡವರಿಗೆ ಮಾತ್ರ ಆಗುವಂಥದ್ದು ಎಂದು ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ ಎಂಬ ಅರ್ಥದ ಮಾತು ಆ ಬಂಡೆಯ ಮೇಲಿದೆ. ಅದನ್ನು ಹೇಳುವಾಗ ನಮ್ಮಲ್ಲಿ ಎಲ್ಲರಿಗಿಂತ ಹಿಂದೆ ನಿಂತ ಹುಡುಗನನ್ನು ಕರೆದು ಬಂಡೆಯ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ವರ್ಷ ಆ ಹುಡುಗ ನಾನೇ ಆಗಿದ್ದೆ. ಅವರ ಕೈ ನನ್ನ ಹೆಗಲ ಮೇಲಿತ್ತು. ಬಂಡೆ ಬಿಸಿಲಿಗೆ ಕಾದು ಹಂಚಿನಂತಾಗಿತ್ತು. ಇವೆರಡು ನೆನಪಿವೆ, ಉಳಿದದ್ದು ಮಸುಕು.

ನೌಕಾಪಡೆಗೆ ಹೋದದ್ದು ಅರವತ್ತರ ದಶಕದಲ್ಲಿ. ಗಣಿತದಲ್ಲಿ ಡಿಗ್ರಿ ಆಗಿತ್ತು. ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದರಂತೆ. ನೌಕಾಪಡೆಯಲ್ಲಿ ಶಿಕ್ಷಣ ಶಾಖೆ ಅಂತ ಒಂದಿದೆ. ಅದರ ಅಧಿಕಾರಿಗಳ ಕೆಲಸ ನಾವಿಕರಿಗೆ ಪಾಠ ಹೇಳುವುದು. ಅಂದರೆ ಅಲ್ಲಿಯೂ ಇವರು ಮಾಸ್ತರ್ರೇ. ಅವರ ತಾಯಿಗೆ ಮಾತ್ರ ಇದು ಅರ್ಥವಾಗಲಿಲ್ಲ. 'ನೆಲ ಬಿಟ್ಟು ನೀರಿನ ಮ್ಯಾಲೆ ಎಂಥಾ ನೌಕರಿ ಯಪ್ಪಾ?' ಎಂದು ಅತ್ತು, ಒಂದು ತಿಂಗಳಿಗಾಗುವಷ್ಟು ಸಜ್ಜಿ ರೊಟ್ಟಿ ಬಡಿದು, ಕಟಕಾಗಿ ಒಣಗಿಸಿ, ಶೇಂಗಾ ಹಿಂಡಿ ಗುರೆಳ್ಳು ಹಿಂಡಿ ಜೊತೆಗಿಟ್ಟು ಗಂಟು ಕಟ್ಟಿದ್ದರಂತೆ. ಕೇರಳದವನೊಬ್ಬ ಜೊತೆಗಾರ ಆ ರೊಟ್ಟಿಯನ್ನು ಬಡಿದು ಸದ್ದು ಕೇಳಿ 'ಇದನ್ನು ತಿನ್ನೋದೋ, ಇದರಲ್ಲಿ ಗೋಡೆ ಕಟ್ಟೋದೋ' ಅಂದನಂತೆ. ವಾರ ಕಳೆಯುವುದರೊಳಗೆ ಗಂಟಿನ ಅರ್ಧ ಅವನೇ ಮುಗಿಸಿದ್ದನಂತೆ.

ಹತ್ತು ವರ್ಷ ಆಗಿರಬೇಕು, ಸೇವೆ ಮುಗಿಸಿ ತಿರುಗಿ ಬಂದರು. ಬೆಂಗಳೂರು, ಮುಂಬಯಿ ಎಲ್ಲಿಯಾದರೂ ನೌಕರಿ ಸಿಗುತ್ತಿತ್ತು. ಸಿಂಧನೂರು ಕಡೆಯ ನಮ್ಮ ಹೈಸ್ಕೂಲಿಗೆ ಬಂದು ಸೇರಿಕೊಂಡರು. ಆ ಹೊತ್ತಿಗೆ ನಮ್ಮ ಸೀಮೆಯ ಮುಖವೇ ಬದಲಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ನಾಲೆಯ ನೀರು ಬಂತು. ಜೋಳ ಹತ್ತಿ ಬೆಳೆಯುತ್ತಿದ್ದಲ್ಲಿ ಭತ್ತದ ಗದ್ದೆ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು. ಎಡದಂಡೆ ಅಂತೀವಲ್ಲ, ಅದು ಯಾರ ಎಡ, ಎಲ್ಲಿ ನಿಂತು ನೋಡಿದರೆ ಎಡ? ಮಾಸ್ತರ್ರು ನಮಗೆ ಮೊದಲ ದಿನ ಕೇಳಿದ ಪ್ರಶ್ನೆ ಇದು. ಒಬ್ಬರಿಗೂ ಗೊತ್ತಿರಲಿಲ್ಲ. 'ಹೊಳಿ ಹೋಗೋ ದಿಕ್ಕಿಗೆ ಮುಖ ಮಾಡಿ ನಿಂದ್ರು. ಎಡಗೈ ಯಾ ಕಡಿಗೆ ಐತೋ ಅದು ಎಡದಂಡಿ. ಹೊಳಿ ಜೋಡಿ ಹೋಗಬೇಕು ತಮ್ಮಾ, ಹೊಳಿಗೆ ಎದುರು ನಿಂತು ನೋಡಿದ್ರ ಎಡ ಬಲ ಎಲ್ಲಾ ತಪ್ಪತಾವ.'

ನಾಲೆ ಅನ್ನ ತಂದಿತು, ಸಾವನ್ನೂ ತಂದಿತು. ಈಜು ಬಾರದ ಸೀಮೆಗೆ ಇದ್ದಕ್ಕಿದ್ದಂತೆ ಆಳದ ನೀರು ಬಂದರೆ ಇನ್ನೇನಾಗುತ್ತದೆ. ನನ್ನ ಬೆಂಚಿನವನೇ ಒಬ್ಬ, ಎತ್ತಿನ ಮೈ ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಎತ್ತುಗಳು ಈಜಿ ದಂಡೆಗೆ ಬಂದವು. ಅವನ ಪಾಟೀಚೀಲ ಮೂರು ದಿನ ಬೆಂಚಿನ ಕೆಳಗೇ ಇತ್ತು. ತೆಗೆಯಲು ಯಾರಿಗೂ ಕೈ ಬರಲಿಲ್ಲ. ನಾಲ್ಕನೆಯ ದಿನ ಮಾಸ್ತರ್ರು ಅದನ್ನು ತೆಗೆದುಕೊಂಡು ಅವನ ಮನೆಗೆ ಹೋಗಿ ಕೊಟ್ಟು ಬಂದರು. ಮರುದಿನದಿಂದ ಹದಿನಾರು ನೂರು ಗಂಟೆಯ ಪಾಠ ಶುರುವಾಯಿತು.

ನಾಲೆಯಲ್ಲಲ್ಲ. ದೊಡ್ಡ ನಾಲೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಊರ ಹೊರಗಿನ ಮೆಟ್ಟಿಲು ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ. ಮೊದಲ ವಾರ ಕೈಕಾಲು ಬಡಿಯುವುದೇ ಇಲ್ಲ, ಸುಮ್ಮನೆ ಅಂಗಾತ ಮಲಗುವುದು. ಬೆನ್ನ ಕೆಳಗೆ ಅವರ ಅಂಗೈ ಇರುತ್ತಿತ್ತು. 'ಬಡಿಬ್ಯಾಡ. ನೀರು ನಿನ್ನ ಹಿಡಿಯಾಕ ತಯಾರ ಐತಿ, ನೀ ಹಿಡಿಯಾಕ ಬಿಡು.' ಯಾವ ಗಳಿಗೆಯಲ್ಲಿ ಆ ಅಂಗೈ ತೆಗೆದರೋ ತಿಳಿಯುತ್ತಲೇ ಇರಲಿಲ್ಲ. ಮುಗಿಲು ನೋಡುತ್ತ ಮಲಗಿದ್ದೆ, ಬಾವಿಯ ಗೋಡೆಯಿಂದ ಪಾರಿವಾಳ ಹಾರಿತು, ಆಗ ನೋಡಿದರೆ ಅವರು ದೂರ ಮೆಟ್ಟಿಲ ಮೇಲೆ ನಿಂತಿದ್ದಾರೆ. ಹೆಣ್ಣುಮಕ್ಕಳಿಗೂ ಕಲಿಸಬೇಕು ಎಂದಾಗ ಊರಲ್ಲಿ ಮಾತಾಯಿತು. ಮಾಸ್ತರ್ರು ವಾದಕ್ಕೆ ಹೋಗಲಿಲ್ಲ. ಅಮ್ಮಾರು, ಅಂದರೆ ಅವರ ಮನೆಯಾಕೆ, ತಾವೇ ಮೊದಲು ಸೀರೆ ಕಚ್ಚೆ ಹಾಕಿ ಇಳಿದರು. ಅದಾದ ಮೇಲೆ ಮಾತು ನಿಂತಿತು.

ಈಜಿನ ಜೊತೆಗೆ ಹಗ್ಗ. ಸಮುದ್ರದಿಂದ ಅವರು ತಂದ ದೊಡ್ಡ ಆಸ್ತಿ ಎಂದರೆ ಗಂಟುಗಳು. ನಮ್ಮ ರೈತರಿಗೂ ಗಂಟು ಗೊತ್ತು; ದನಕ್ಕೆ ಹಾಕುವ ಕುಣಿಕೆ, ಎಳೆದಷ್ಟೂ ಬಿಗಿಯುವ ಜೀರುಗುಣಿಕೆ. ಆದರೆ ಎಳೆದಷ್ಟೂ ಬಿಗಿಯದೆ, ಬಿಚ್ಚಿಯೂ ಹೋಗದೆ, ಮನುಷ್ಯನ ನಡುವಿಗೆ ಕಟ್ಟಿದರೆ ಉಸಿರು ಹಿಡಿಯದೆ ನಿಲ್ಲುವ ಗಂಟು ಒಂದಿದೆ, ಬೌಲೈನ್ ಅಂತ. ಅದನ್ನು ಹೀಗೆ ಕಲಿಸಿದರು: ಹಗ್ಗದಲ್ಲಿ ಸಣ್ಣದೊಂದು ಸುರುಳಿ ಮಾಡು, ಅದು ಹುತ್ತ. ಉದ್ದದ ಹಗ್ಗ ಬೇವಿನ ಗಿಡ. ತುದಿ ಹಾವು. ಹಾವು ಹುತ್ತದಿಂದ ಮ್ಯಾಲೆ ಬಂತು, ಬೇವಿನ ಗಿಡ ಒಂದು ಸುತ್ತು ಹಾಕಿತು, ತಿರುಗಿ ಅದೇ ಹುತ್ತಕ್ಕೆ ಇಳೀತು. ಈಗ ಎಳಿ. ಅವರು ಇದನ್ನು ಒಂದೇ ಕೈಯಲ್ಲಿ, ನಮ್ಮ ಮುಖ ನೋಡುತ್ತಲೇ ಕಟ್ಟುತ್ತಿದ್ದರು. ಪಂಚಮಿ ಬಂದರೆ ಊರ ಬೇವಿನ ಗಿಡಗಳಿಗೆಲ್ಲ ಜೋಕಾಲಿ ಕಟ್ಟುತ್ತಾರಲ್ಲ, ಆ ದಿನ ಬೆಳಿಗ್ಗೆ ಮಾಸ್ತರ್ರು ಓಣಿ ಓಣಿ ತಿರುಗಿ ಪ್ರತಿ ಜೋಕಾಲಿಯ ಗಂಟು ಜಗ್ಗಿ ನೋಡುತ್ತಿದ್ದರು. ಮನೆ ಮನೆಯಲ್ಲೂ ಅವರಿಗೆ ಅಳ್ಳು, ತಂಬಿಟ್ಟು. ಅಂಗಿಯ ಜೇಬು ತುಂಬಿಕೊಂಡು, ದಾರಿಯಲ್ಲಿ ಸಿಕ್ಕ ಹುಡುಗರಿಗೆ ಹಂಚುತ್ತ ಹೋಗುತ್ತಿದ್ದರು.

ಶಾಲೆಯಲ್ಲಿ ಸೇವಾದಳದ ಘಟಕ ಅವರದೇ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಬೇರಿನಿಂದ ಬೆಳೆದದ್ದು ಅದು. ನಮ್ಮ ಉತ್ತರದ ಶಾಲೆಗಳಲ್ಲಿ ಅದರ ಕವಾಯತು ಮಾಡದ ಹುಡುಗರು ಕಡಿಮೆ. ಮಾಸ್ತರ್ರಿಗೆ ಅದೇ ಸೇವಾದಳದಿಂದ ಬಂದ ಇನ್ನೊಬ್ಬರ ಮೇಲೆ ಬಹಳ ಗೌರವ. ಬೆಂಗಳೂರಿನವರಾದ ಎಸ್. ಎನ್. ಸುಬ್ಬರಾವ್, ಖಾಕಿ ಚಡ್ಡಿ ಖಾದಿ ಅಂಗಿಯ 'ಭಾಯೀಜಿ'. ಚಂಬಲ್ ಕಣಿವೆಯಲ್ಲಿ ಆಶ್ರಮ ಕಟ್ಟಿ, 1972ರಲ್ಲಿ ಜೌರಾದಲ್ಲಿ ಡಕಾಯಿತರು ಗಾಂಧೀಜಿಯ ಪಟದ ಮುಂದೆ ಬಂದೂಕು ಇಟ್ಟಾಗ ಅದರ ಹಿಂದೆ ದುಡಿದವರಲ್ಲಿ ಒಬ್ಬರು. ಅವರ ಯುವಕರ ಶಿಬಿರಗಳಿಗೆ ಮಾಸ್ತರ್ರು ರಜೆಯಲ್ಲಿ ಸ್ವಂತ ಖರ್ಚಿನಿಂದ ಹೋಗುತ್ತಿದ್ದರು, ಸಲಿಕೆ ಬುಟ್ಟಿ ಹಿಡಿದು ರಸ್ತೆ ಮಾಡಿ ಬರುತ್ತಿದ್ದರು. ಐವತ್ತು ದಾಟಿದ ಮೇಲೂ ಅರ್ಜಿಯಲ್ಲಿ ತಮ್ಮನ್ನು ಯುವ ಸ್ವಯಂಸೇವಕ ಎಂದೇ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಅವರಿಗೆ ಏನೂ ವಿಶೇಷ ಕಾಣುತ್ತಿರಲಿಲ್ಲ.

ಇನ್ನೊಬ್ಬರ ಮಾತೂ ಹೇಳಬೇಕು, ಇಲ್ಲದಿದ್ದರೆ ಆ ದಿನದ ಕಥೆ ನಡೆಯುವುದಿಲ್ಲ. ಸಿಂಧನೂರಿನ ಪಕ್ಕ ಪುನರ್ವಸತಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿಗಳನ್ನು ಸರಕಾರ ಅಲ್ಲಿ ನೆಲೆಗೊಳಿಸಿತು. ಕಾಗದದ ಮೇಲೆ ಆರ್‌ಎಚ್ ಕ್ಯಾಂಪು, ಮಂದಿಯ ಬಾಯಲ್ಲಿ ಬಂಗಾಲಿ ಕ್ಯಾಂಪು. ಹೊಳೆ, ದೋಣಿ, ಮೀನು ಇವುಗಳ ನಡುವೆ ಬೆಳೆದವರು ಬಂದು ಇಳಿದದ್ದು ಬಿರುಕು ಬಿಟ್ಟ ಎರಿ ನೆಲಕ್ಕೆ. ಅವರಲ್ಲೊಬ್ಬ ಮುದುಕ, ಮನೆಯ ಮುಂದೆ ಹೊಂಡ ತೋಡಿ ಮೀನು ಸಾಕಿದ್ದ. ಮಾಸ್ತರ್ರಿಗೂ ಅವನಿಗೂ ಗಟ್ಟಿ ಗೆಳೆತನ. ವಾರಕ್ಕೊಮ್ಮೆ ಸೈಕಲ್ ಮೇಲೆ ಹೋಗಿ ಆ ಹೊಂಡದ ದಂಡೆಯಲ್ಲಿ ಕೂತು ಬರುತ್ತಿದ್ದರು. ಮಾಸ್ತರ್ರು ಮೀನು ಮುಟ್ಟುವವರಲ್ಲ. ಹತ್ತು ವರ್ಷ ನೌಕಾಪಡೆಯಲ್ಲಿದ್ದೂ ಮುಟ್ಟಲಿಲ್ಲ. ಆದರೆ ಮುದುಕ ಪ್ರತಿ ಸಲ ಕೆಸುವಿನೆಲೆಯಲ್ಲಿ ಸುತ್ತಿ ಒಂದು ಮೀನು ಕೊಡುತ್ತಿದ್ದ, ಇವರು ಪ್ರತಿ ಸಲ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು, ದಾರಿಯಲ್ಲಿ ಬೆಸ್ತರ ಓಣಿಯ ಒಬ್ಬ ವಿಧವೆಯ ಮನೆಗೆ ಕೊಟ್ಟು ಹೋಗುತ್ತಿದ್ದರು. ಇಪ್ಪತ್ತು ವರ್ಷ ನಡೆಯಿತು ಇದು. ಮುದುಕನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಈಗ ಆ ಮಳೆ.

2009ರ ದಸರೆ. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂದು ಎರಡು ಮೂರು ದಿನವೂ ಆಗಿರಲಿಲ್ಲ, ಮುಗಿಲು ಹರಿದು ಬಿತ್ತು. ನಮ್ಮ ಕಡೆ ಮಳೆ ಎಂದರೆ ಗುಡುಗಿ, ಗಾಳಿ ಎಬ್ಬಿಸಿ, ಒಂದು ತಾಸು ಬಡಿದು ಹೋಗುವಂಥದ್ದು. ಇದು ಹಾಗಲ್ಲ. ಸದ್ದಿಲ್ಲದೆ, ನಿಲ್ಲದೆ, ಹಗಲು ರಾತ್ರಿ ಒಂದೇ ಸಮ. ಮಣ್ಣಿನ ಮಾಳಿಗೆಗಳು ನೀರು ಕುಡಿದು ಕುಡಿದು ಭಾರವಾಗಿ ಕೂತವು. ರಾತ್ರಿ ಮಲಗಿದರೆ ದೂರದಲ್ಲೆಲ್ಲೋ ದಪ್ಪನೆ ಸದ್ದು. ಯಾರದೋ ಗೋಡೆ ಬಿತ್ತು ಎಂದು ಎಣಿಸುವುದು. ಆ ವಾರವೇ ತುಂಗಭದ್ರೆ ಮಂತ್ರಾಲಯವನ್ನು ಮುಳುಗಿಸಿದ್ದು. ಇದ್ದ ದೋಣಿಗಳು, ಇದ್ದ ಮಂದಿ ಎಲ್ಲ ಹೊಳೆ ದಂಡೆಯ ದೊಡ್ಡ ಊರುಗಳ ಕಡೆಗೆ ಹೋಗಿದ್ದರು; ಅಲ್ಲಿಯ ಸಂಕಟವೂ ದೊಡ್ಡದೇ.

ನನಗೆ ಆಗ ಗೊಬ್ಬರದ ಅಂಗಡಿ ಇತ್ತು. ನಸುಕಿನಲ್ಲಿ ಫೋನು. 'ನಿನ್ನಂತ್ಯಾಕ ಹಗ್ಗ ಎಷ್ಟೈತಿ?' ನಮಸ್ಕಾರವಿಲ್ಲ, ಹೆಂಗದಿ ಎಂಬುದಿಲ್ಲ. ಮಸ್ಕಿ ಕಡೆಯ ಒಂದು ದೊಡ್ಡಿ, ಹತ್ತು ಹನ್ನೆರಡು ಗುಡಿಸಲು, ಹಳ್ಳ ತುಂಬಿ ನಾಲ್ಕೂ ಕಡೆ ನೀರು ಸುತ್ತಿಕೊಂಡಿದೆಯಂತೆ. ಮಂದಿ ಗುಡಿಯ ಕಟ್ಟೆ ಮೇಲೆ ಹತ್ತಿ ನಿಂತಿದ್ದಾರಂತೆ. 'ಟ್ರ್ಯಾಕ್ಟರ್ ತಗೊಂಡು ಬಾ. ನೀಲಿ ಡ್ರಮ್ಮು ಸಿಕ್ಕಷ್ಟು ಹಾಕ್ಕೋ. ಝೀರೋ ಏಳು ನೂರು.' ಆಗ ಅವರಿಗೆ ಎಪ್ಪತ್ತರ ಹತ್ತಿರ. ನಾನು ಹೋದಾಗ ಮನೆ ಮುಂದೆ ಬಿಳಿ ಅಂಗಿ, ಬೂಟು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದರು.

ದಾರಿಯಲ್ಲಿ ಬಂಗಾಲಿ ಕ್ಯಾಂಪಿಗೆ ತಿರುಗಿಸಿದರು. ಮುದುಕನಿಗೆ ನೀರಿನ ಸುದ್ದಿ ಹೇಳಿದರು, ಅಷ್ಟೇ. ಮುದುಕ ಎದ್ದು ನಿಂತ. ಕ್ಯಾಂಪಿನ ದುರ್ಗಾಪೂಜೆ ಆಗಷ್ಟೇ ಮುಗಿದಿತ್ತು. ಪೆಂಡಾಲಿನ ಬಿದಿರುಗಳು ಇನ್ನೂ ಅಲ್ಲೇ ರಾಶಿ ಬಿದ್ದಿದ್ದವು, ಒಂದಕ್ಕೆ ಕೆಂಪು ಬಟ್ಟೆಯ ಚೂರು ಅಂಟಿಕೊಂಡೇ ಇತ್ತು. ಮುದುಕ ಒಂದೊಂದನ್ನೂ ತಟ್ಟಿ, ಸದ್ದು ಕೇಳಿ ಆರಿಸಿದ. ಮೊಮ್ಮಗನನ್ನು ಕರೆದ. ಇಪ್ಪತ್ತರ ಹುಡುಗ, ಮಾಸ್ತರ್ರ ಬಾವಿಯಲ್ಲೇ ಈಜು ಕಲಿತವನು.

ಹಳ್ಳದ ದಂಡೆಗೆ ಮುಟ್ಟಿದಾಗ ನನ್ನ ಎದೆ ಧಸಕ್ಕೆಂದಿತು. ಬೇಸಗೆಯಲ್ಲಿ ಹುಡುಗರು ಕುಂಟಾಟ ಆಡುತ್ತ ದಾಟುವ ಹಳ್ಳ, ಅರವತ್ತು ಎಪ್ಪತ್ತು ಅಡಿ ಅಗಲವಾಗಿ, ಕೆಂಪಗೆ, ಮುಳ್ಳಿನ ಗಿಡಗಳನ್ನು ಬುಡಸಮೇತ ಹೊತ್ತುಕೊಂಡು ಓಡುತ್ತಿತ್ತು. ಆಚೆ ಕಟ್ಟೆಯ ಮೇಲೆ ಕಂಬಳಿ, ತಟ್ಟು ಹೊದ್ದ ಮಂದಿ. ಕೂಗಿದರೆ ಕೇಳದು. ಮಾಸ್ತರ್ರು ಬಹಳ ಹೊತ್ತು ಏನೂ ಮಾಡಲಿಲ್ಲ. ಒಂದು ಒಣ ಜೋಳದ ದಂಟು ಎಸೆದು ಅದು ಎಲ್ಲಿ ಹೋಗಿ ಆಚೆ ದಂಡೆ ತಾಗುತ್ತದೆ ನೋಡಿದರು. ಇನ್ನೊಂದು ಎಸೆದರು. ಮೂರನೆಯದು. ನಮಗೆಲ್ಲ ಕೈಕಾಲು ಆಡದು, ಇವರು ದಂಟು ಎಸೆಯುತ್ತಿದ್ದಾರೆ. ಕೊನೆಗೆ ಬೂಟಿನ ತುದಿಯಿಂದ ರಾಡಿಯಲ್ಲಿ ಒಂದು ತ್ರಿಕೋನ ಬರೆದರು.

'ಹಗ್ಗ ನೆಟ್ಟಗ ಕಟ್ಟಬ್ಯಾಡ್ರಿ. ಓರೆ ಕಟ್ರಿ. ಆ ಕಡೆ ತುದಿ ಮ್ಯಾಲೆ, ಈ ಕಡೆ ತುದಿ ಕೆಳಗ. ತೆಪ್ಪ ನಾವು ಎಳಿಯೋದಲ್ಲ, ನೀರೇ ದೂಡಿಕೊಂಡು ಬರತೈತಿ.'

ಮೊಮ್ಮಗನ ನಡುವಿಗೆ ತೆಳ್ಳನೆಯ ಹುರಿ ಕಟ್ಟಿದರು. ಆ ಗಳಿಗೆ ಇಂದಿಗೂ ನನ್ನ ಕಣ್ಣಲ್ಲಿದೆ. ವಯಸ್ಸಾಗಿ ಬೆರಳ ಗೆಣ್ಣುಗಳು ದಪ್ಪಗಾಗಿದ್ದವು, ಚಳಿಗೆ ಕೈ ಅದುರುತ್ತಿತ್ತು. ಹುರಿ ಸುರುಳಿಯೊಳಗೆ ಹೋದ ಕೂಡಲೇ ಅದುರು ನಿಂತುಬಿಟ್ಟಿತು. ಹುತ್ತ, ಗಿಡ, ಹುತ್ತ. ಎರಡು ಬೆರಳು ಒಳಗೆ ಹಾಕಿ ಸಡಿಲ ನೋಡಿದರು. ಹುಡುಗನ ಬೆನ್ನ ಮೇಲೆ ಅಂಗೈ ಇಟ್ಟು, 'ಬಡಿಬ್ಯಾಡ' ಎಂದರು. ಅವನು ನಕ್ಕ. ಮೇಲಿನ ತಿರುವಿನಿಂದ ಇಳಿದು, ನೀರಿನ ಜೊತೆ ಕೆಳಕ್ಕೆ ಜಾರುತ್ತ, ಓರೆಯಾಗಿ ಕೈ ಹಾಕುತ್ತ, ಮೂರನೆಯ ದಂಟು ತಾಗಿದ್ದ ಜಾಗದಲ್ಲೇ ಹೋಗಿ ದಂಡೆ ಹಿಡಿದ. ಹುರಿಯ ಬಾಲಕ್ಕೆ ದಪ್ಪ ಹಗ್ಗ ಕಟ್ಟಿ ಎಳೆಸಿಕೊಂಡು, ಆಚೆಯ ಬೇವಿನ ಗಿಡಕ್ಕೆ ಬಿಗಿದ. ಅಷ್ಟರಲ್ಲಿ ಮುದುಕ ಈಚೆ ದಂಡೆಯಲ್ಲಿ ಡ್ರಮ್ಮುಗಳ ಮೇಲೆ ಬಿದಿರು ಕೂಡಿಸಿ ತೆಪ್ಪ ಹೆಣೆದಿದ್ದ. ಡ್ರಮ್ಮು ಆರೋ ಎಂಟೋ, ಈಗ ಎಣಿಕೆ ತಪ್ಪುತ್ತದೆ. ಬಾಯಲ್ಲಿ ಏನೋ ಬಂಗಾಲಿ ಪದ ಗುನುಗುತ್ತಿದ್ದ. ನಲವತ್ತು ವರ್ಷದ ಮೇಲೆ ಕೈಗೆ ಆ ಕೆಲಸ ಬಂದಿತ್ತೇನೋ.

ತೆಪ್ಪಕ್ಕೆ ಎರಡು ಮೂರು ಮಂದಿಯಂತೆ ಬಂದರು. ಖಾಲಿ ತೆಪ್ಪವನ್ನು ಆಚೆಯವರು ಎಳೆದುಕೊಳ್ಳುವುದು, ಮಂದಿ ಕೂತ ತೆಪ್ಪ ಓರೆ ಹಗ್ಗ ಹಿಡಿದು ತಾನೇ ಜಾರಿ ಈಚೆಗೆ ಬರುವುದು. ಮಕ್ಕಳು ಮೊದಲು. ಒಬ್ಬ ಬಾಣಂತಿ, ಹದಿನೈದು ದಿನದ ಕೂಸು. ಕೊನೆಗೆ ಉಳಿದವಳು ಒಬ್ಬ ಮುದುಕಿ, ತಲೆ ಮೇಲೆ ರೊಟ್ಟಿ ಬುಟ್ಟಿ, ಕಂಕುಳಲ್ಲಿ ಕೋಳಿ. ಬುಟ್ಟಿ ಬಿಟ್ಟು ಬಾ ಎಂದರೆ ಒಲ್ಲಳು. ಬಂಗಾಲಿ ಹುಡುಗ ಬುಟ್ಟಿ ತಾನು ಹಿಡಿದುಕೊಂಡ ಮೇಲೆ ಕೂತಳು. ನಡುನೀರಿನಲ್ಲಿ ಅವನ ಮುಖ ನೋಡಿ ಕೇಳಿದಳಂತೆ, 'ಯಾರ ಮಗನೋ ಯಪ್ಪಾ ನೀ?' ಅವನು, 'ಕ್ಯಾಂಪಿನಾಂವ ಆಯಿ, ಗಟ್ಟಿ ಹಿಡ್ಕೋ' ಅಂದನಂತೆ.

ಈಚೆ ದಂಡೆಗೆ ಬಂದವಳೇ ಬುಟ್ಟಿ ಬಿಚ್ಚಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಜ್ಜಿ ರೊಟ್ಟಿ, ಅಷ್ಟು ಮಳೆಯಲ್ಲೂ ಕಟಕ್ಕೆಂದವು. ಮೇಲೆ ಎಳ್ಳು. ಒಂದು ಡಬ್ಬಿಯಲ್ಲಿ ಗುರೆಳ್ಳು ಹಿಂಡಿ. ನಿಂತವರಿಗೆಲ್ಲ ಮುರಿದು ಮುರಿದು ಕೊಟ್ಟಳು. ಮಾಸ್ತರ್ರು ಮಳೆಯಲ್ಲಿ ನಿಂತು, ಕೊಪ್ಪೆಯ ಅಂಚಿನಿಂದ ನೀರು ರೊಟ್ಟಿಯ ಮೇಲೆ ಬೀಳದಂತೆ ಬಾಗಿ ತಿಂದರು. ಆ ರೊಟ್ಟಿಯ ರುಚಿ ಆಮೇಲೆ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಆ ರಾತ್ರಿ ದೊಡ್ಡಿಯವರನ್ನೆಲ್ಲ ಒಂದು ಶಾಲೆಯಲ್ಲಿ ಇಳಿಸಿ, ನಾವು ಪಡಸಾಲೆಯಲ್ಲಿ ಕೂತೆವು. ಯಾರೋ ಒದ್ದೆ ಕಟ್ಟಿಗೆಯಲ್ಲಿ ಹೆಂಗೋ ಬೆಂಕಿ ಮಾಡಿದ್ದರು, ಬೆಂಕಿಗಿಂತ ಹೊಗೆ ಹೆಚ್ಚು. ಹುಡುಗರು ಯುದ್ಧದ ಕಥೆ ಹೇಳ್ರಿ ಸರ್ ಅಂದರು. ನಾವೂ ಸಣ್ಣವರಿದ್ದಾಗ ಕೇಳಿ ಕೇಳಿ ಸಾಕಾಗಿತ್ತು. ಅವರು ಹೇಳುತ್ತಿದ್ದುದು ಒಂದೇ. 1971ರಲ್ಲಿ ವಿಶಾಖಪಟ್ಟಣದಲ್ಲಿ ನಾವಿಕರಿಗೆ ಪಾಠ ಹೇಳುತ್ತಿದ್ದೆ, ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಸಮುದ್ರದ ಕಡೆಯಿಂದ ದೊಡ್ಡ ಸದ್ದು ಬಂತು, ಕಿಟಕಿಯ ಗಾಜು ನಡುಗಿದವು, ಪಾಕಿಸ್ತಾನದ ಘಾಜಿ ಎಂಬ ಸಬ್‌ಮರೀನು ಮುಳುಗಿತ್ತು ಎಂದು ಆಮೇಲೆ ತಿಳಿಯಿತು. ನಾನು ಗುಂಡು ಹಾರಿಸಲಿಲ್ಲ ತಮ್ಮಾ, ಗಾಜು ನಡುಗಿದ್ದು ಕೇಳಿದೆ. ಅಷ್ಟಕ್ಕೇ ಮುಗಿಸುತ್ತಿದ್ದರು.

ಆ ರಾತ್ರಿ ಮುಂದೆ ಹೇಳಿದರು. ಅದಕ್ಕೂ ಮೊದಲು ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ.

ಅವರ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಒಡಿಶಾದವನೆಂದರೋ ಆಂಧ್ರದವನೆಂದರೋ, ನನಗೆ ಸರಿಯಾಗಿ ನೆನಪಿಲ್ಲ. ಎಲ್ಲದರಲ್ಲೂ ಜಾಣ. 'ತ್ರಿಕೋನ ಮಾತ್ರ ತಲಿಗೆ ಹತ್ತತಿದ್ದಿಲ್ಲ ಅವಗ. ರಾತ್ರಿ ಊಟ ಆದ ಮ್ಯಾಲೆ ನನ್ನ ರೂಮಿಗೆ ಬರಾಂವ. ಎರಡು ತಿಂಗಳು ಕೂಡ್ಸಿ ಹೇಳಿದೆ. ಪಾಸಾದ.' ಪಾಸಾದವನಿಗೆ ಪಶ್ಚಿಮದ ಕಡೆಯ ಹಡಗಿಗೆ ಬದಲಿಯಾಯಿತು. ಹಡಗಿನ ಹೆಸರು ಖುಕ್ರಿ.

ಡಿಸೆಂಬರ್ 9ರ ರಾತ್ರಿ ದೀವ್ ಬಳಿಯ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನಿನ ಟಾರ್ಪೆಡೊ ಬಡಿದು ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನು ಒಬ್ಬ ನಾವಿಕನಿಗೆ ಕೊಟ್ಟು ಹಡಗಿನಲ್ಲೇ ಉಳಿದರು. ಇದು ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ಮಾಸ್ತರ್ರು ಹೇಳಿದ್ದು ಹೆಸರಿನ ಪಟ್ಟಿ ಬಂದ ದಿನದ ಮಾತು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರಂತೆ. ನಂಬದೆ ಕೆಳಗಿನಿಂದ ಮೇಲಕ್ಕೆ ಓದಿದರಂತೆ.

ಬೆಂಕಿ ಚಟಗುಟ್ಟಿತು. ಒಳಗೆ ಬಾಣಂತಿಯ ಕೂಸು ಅತ್ತಿತು, ಸುಮ್ಮನಾಯಿತು.

'ಅವಗ ಈಜು ಚೊಲೋ ಬರತಿತ್ತು' ಅಂದರು ಮಾಸ್ತರ್ರು.

ನಮಗೆ ಯಾರಿಗೂ ಬಾಯಿ ಬರಲಿಲ್ಲ. ಬಂಗಾಲಿ ಮುದುಕ ಎದ್ದು ಬಂದು, ತನ್ನ ಹೆಗಲ ಮೇಲಿದ್ದ ಗಾಮ್ಛಾ ತೆಗೆದು ಅವರ ತಲೆ ಒರೆಸಿದ, ಸಣ್ಣ ಹುಡುಗರಿಗೆ ಒರೆಸಿದಂತೆ. 'ಮಾಸ್ತರ್, ಶೀತ ಆಗ್ತದೆ' ಎಂದ. ಮಾಸ್ತರ್ರು ತಲೆ ಬಗ್ಗಿಸಿ ಒರೆಸಿಸಿಕೊಂಡರು.

ಅದಾದ ಮೇಲೆ ಐದಾರು ವರ್ಷ ಇದ್ದರು. ಮುದುಕ ಮೊದಲು ಹೋದ, ಇವರು ಆಮೇಲೆ. ಮಾಸ್ತರ್ರ ಮಣ್ಣಿಗೆ ಬಂದ ಮಂದಿಯನ್ನು ನೋಡಿ ಊರವರೇ ಬೆರಗಾದರು. ಲಿಂಗಸುಗೂರಿನ ಕಡೆಯ ಕೃಷ್ಣೆಯ ನಡುಗಡ್ಡೆಗಳಿಂದ, ಕ್ಯಾಂಪುಗಳಿಂದ, ಆ ದೊಡ್ಡಿಯಿಂದ. ರೊಟ್ಟಿ ಬುಟ್ಟಿಯ ಮುದುಕಿ ಆಗಲೇ ತೀರಿಕೊಂಡಿದ್ದಳು, ಅವಳ ಸೊಸೆ ಬಂದಿದ್ದಳು. ಅಮ್ಮಾರು ನನ್ನ ಕೈಗೆ ಒಂದು ಹಗ್ಗ ಕೊಟ್ಟರು. ಸಣಬಿನದು, ಎರಡು ಮಾರು ಉದ್ದ, ಕೈ ಜಾರಿ ಜಾರಿ ನುಣುಪಾದದ್ದು. ಕ್ಲಾಸಿಗೆ ತರುತ್ತಿದ್ದ ಹಗ್ಗವದು.

ಹೋದ ಪಂಚಮಿಗೆ ನಮ್ಮ ಮನೆ ಮುಂದಿನ ಬೇವಿಗೆ ಜೋಕಾಲಿ ಕಟ್ಟಿದೆವು. ಮಗಳು ಬೆಳಿಗ್ಗೆ ಹುತ್ತಕ್ಕೆ ಹಾಲೆರೆದು ಬಂದಿದ್ದಳು, ಬೆರಳಿಗೆ ಇನ್ನೂ ಅರಿಶಿನ ಇತ್ತು. ಮೊಮ್ಮಗಳು ನಾನು ಕಟ್ಟತೀನಿ ಅಂತ ಹಟ ಹಿಡಿದಳು. ಏಳು ವರ್ಷ. ಆ ಎರಡು ಮಾರಿನ ಹಗ್ಗ ತಂದು ಕಟ್ಟೆ ಮೇಲೆ ಕೂಡಿಸಿ ಹೇಳಿಕೊಟ್ಟೆ. ಹಾವು ಹುತ್ತದಿಂದ ಬಂತು, ಬೇವಿನ ಗಿಡ ಸುತ್ತಿತು. ಅವಳು ತುದಿ ಹಿಡಿದು ಅಲ್ಲೇ ನಿಂತಳು.

'ಯಾಕವಾ, ನಿಂತೆಲ್ಲ?'

'ತಡಿ ಮುತ್ಯಾ. ಹಾವು ಹಾಲು ಕುಡ್ಯಾಕತ್ತೈತಿ' ಅಂದಳು. ಆಮೇಲೆ ಅದನ್ನು ನಿಧಾನಕ್ಕೆ ಹುತ್ತಕ್ಕೆ ಇಳಿಸಿದಳು.

ನಾನು ಗಂಟು ಜಗ್ಗಿ ನೋಡಿದೆ.